ದಾನಿಯ ಸ್ಥಿತಿಕರಣ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಒಂದು ವಿಶೇಷ ಲಕ್ಷಣವುಂಟು. ಅನ್ನವನ್ನು ಕೊಟ್ಟರೆ ಕೊಟ್ಟವನ ಕಣಜದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಔಷಧವನ್ನು ಕೊಟ್ಟರೆ ಭರಣಿ ಬರಿದಾಗುತ್ತದೆ. ಶಾಸ್ತ್ರವನ್ನು ಕೊಟ್ಟವನಲ್ಲಿ ಮಾತ್ರ ಏನೂ ಕುಂದುವುದಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ನಾಡಿನ ಜೈನ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಸಂಗತಿ. ಅದನ್ನು ಹೇಳುವಾಗ ಆ ಮಹಾಸಾಧ್ವಿಯ ಔದಾರ್ಯವನ್ನು ಕೊಂಡಾಡುವುದು ವಾಡಿಕೆ, ಅದು ಉಚಿತವೂ ಹೌದು. ಆದರೆ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಕಂಟದಿಂದ ಕೊರೆದ ಲಿಪಿಕಾರರು ಯಾರು, ಅವರ ಕಣ್ಣು ಬೆರಳುಗಳ ಆಯಾಸವನ್ನು ನೋಡಿಕೊಂಡವರು ಯಾರು, ಒಂದು ಪ್ರತಿಯಲ್ಲಿ ನುಸುಳಿದ ತಪ್ಪು ಮುಂದಿನ ಪ್ರತಿಗೆ ಹರಿಯದಂತೆ ತಡೆದವರು ಯಾರು ಎಂದು ಕೇಳುವವರು ವಿರಳ. ಶಾಸ್ತ್ರವು ಕೊಟ್ಟಷ್ಟೂ ಕುಂದುವುದಿಲ್ಲವೆಂಬುದು ನಿಜ. ಅದನ್ನು ಕಾಯುವ ಮನುಷ್ಯನು ಮಾತ್ರ ಕುಂದುತ್ತಾನೆ.

ಓಲೆಗರಿಯ ಕಾಲ ಮುಗಿದು ಅಚ್ಚಿನ ಕಾಲವೂ ಹಿಂದೆ ಸರಿಯುತ್ತಿರುವ ಈ ದಿನಗಳಲ್ಲಿ ಶಾಸ್ತ್ರದಾನದ ಲಕ್ಷಣವುಳ್ಳ ಇನ್ನೊಂದು ದಾನ ಜಗತ್ತಿನಲ್ಲಿ ನಡೆದಿದೆ. ಗಣಕಯಂತ್ರವನ್ನು ನಡೆಸುವ ಸೂಚನೆಗಳ ಸಮೂಹವೇ ತಂತ್ರಾಂಶ. ಅದರ ಮೂಲ ಬರಹವನ್ನು ಬಹಿರಂಗವಾಗಿಟ್ಟು, ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಹಂಚಬಹುದು ಎಂದು ಅನುಮತಿಸಿದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿ, 1989ರಲ್ಲಿ ಈ ಅನುಮತಿಯನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಕೊಡುವ ಪರವಾನಗಿ ಪತ್ರವನ್ನು ಪ್ರಕಟಿಸಿದರು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ತಂತ್ರಾಂಶವೊಂದನ್ನು ಕುರಿತು ಅಪರಿಚಿತರ ಅಭಿಪ್ರಾಯ ಕೇಳಿದರು. ಲಿನಕ್ಸ್ ಎಂಬ ಹೆಸರಿನಿಂದ ಅದು ಬೆಳೆದ ಬಗೆ ಬೆರಗು ಹುಟ್ಟಿಸುವಂಥದು. ಆಂಡ್ರಾಯ್ಡ್ ದೂರವಾಣಿಗಳ ಒಡಲಿನಲ್ಲಿರುವುದು ಅದೇ; 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತಿವೇಗದ 500 ಗಣಕಗಳ ಪಟ್ಟಿಯಲ್ಲಿರುವುವೆಲ್ಲವೂ ನಡೆಯುವುದು ಅದರಿಂದಲೇ. ಕ್ಷೇತ್ರಗಳ ಯಾತ್ರಿನಿವಾಸದಲ್ಲಿ ಕೊಠಡಿ ಕಾದಿರಿಸುವ ಶ್ರಾವಕನೂ, ಬಸದಿಗೆ ಕಾಣಿಕೆಯನ್ನು ದೂರವಾಣಿಯ ಮೂಲಕ ಸಲ್ಲಿಸುವ ಶ್ರಾವಿಕೆಯೂ ಎಲ್ಲಿಯೋ ಕುಳಿತ ಯಾರದೋ ಇಂತಹ ದಾನವನ್ನು ಅರಿಯದೆಯೇ ಸ್ವೀಕರಿಸುತ್ತಿರುತ್ತಾರೆ.

ಈ ದಾನವು ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವಂಥದಲ್ಲ. ಯಂತ್ರಗಳು ಬದಲಾಗುತ್ತವೆ, ಬಳಸುವವರ ಅಗತ್ಯಗಳು ಬದಲಾಗುತ್ತವೆ, ಹಳೆಯ ಬರಹದಲ್ಲಿ ಅಡಗಿದ್ದ ದೋಷಗಳು ಹೊರಬೀಳುತ್ತವೆ. ಒಂದೊಂದು ತಂತ್ರಾಂಶಕ್ಕೂ ಒಬ್ಬ ಪಾಲಕನಿರುತ್ತಾನೆ. ದೂರದವರು ಕಳುಹಿಸಿದ ತಿದ್ದುಪಡಿಯನ್ನು ಸಾಲು ಸಾಲಾಗಿ ಓದಿ, ಸರಿಯಿದ್ದರೆ ಸೇರಿಸಿ, ತಪ್ಪಿದ್ದರೆ ಕಾರಣ ಹೇಳಿ ಹಿಂದಿರುಗಿಸುವುದು ಅವನ ಕೆಲಸ. ಪಾಲಕನ ಸುತ್ತ ಸಹಯೋಗಿಗಳು ಸೇರುತ್ತಾರೆ. ಕೆಲವರು ಬರಹ ತಿದ್ದುತ್ತಾರೆ, ಕೆಲವರು ಕೈಪಿಡಿ ಬರೆಯುತ್ತಾರೆ, ಕೆಲವರು ಹೊಸಬರ ಸಂದೇಹಗಳಿಗೆ ಉತ್ತರಿಸುತ್ತಾರೆ. ಇವರಲ್ಲಿ ಬಹುಮಂದಿ ಸಂಬಳವಿಲ್ಲದೆ, ಉದ್ಯೋಗ ಸಂಸಾರಗಳ ನಡುವೆ ಉಳಿದ ಹೊತ್ತಿನಲ್ಲಿ ದುಡಿಯುವವರು. ದೊಡ್ಡ ಯೋಜನೆಗಳಿಗೆ ಸಾವಿರಾರು ಸಹಯೋಗಿಗಳುಂಟು. ಆದರೆ ಆ ದೊಡ್ಡವು ನೆಚ್ಚಿಕೊಂಡಿರುವ ಅನೇಕ ಸಣ್ಣ ತಂತ್ರಾಂಶಗಳನ್ನು ಒಬ್ಬಿಬ್ಬರೇ ಹೊತ್ತು ನಿಂತಿದ್ದಾರೆ. ಗೋಪುರ ನೋಡುವವರ ಕಣ್ಣಿಗೆ ಅಡಿಗಲ್ಲು ಬೀಳುವುದಿಲ್ಲ.

ಇಲ್ಲಿ ಧರ್ಮಚಿಂತನೆಗೆ ಯೋಗ್ಯವಾದ ಪ್ರಶ್ನೆಯೊಂದು ಏಳುತ್ತದೆ. ಬೇಡದೆ, ಬೆಲೆ ಕೇಳದೆ ಕೊಟ್ಟವನಿಗೆ ಪಡೆದವನು ಏನಾದರೂ ಸಲ್ಲಿಸಬೇಕಾಗಿದೆಯೇ? ಕಾನೂನಿನ ಉತ್ತರ ಸ್ಪಷ್ಟವಾಗಿದೆ: ಮೂಲ ಬರಹವನ್ನು ಹಂಚುವಾಗ ಪಾಲಿಸಬೇಕಾದ ಪರವಾನಗಿಯ ಕಟ್ಟಳೆಗಳನ್ನು ಬಿಟ್ಟರೆ ಏನೂ ಇಲ್ಲ. ಧರ್ಮದ ಹೆಸರಿನಲ್ಲಿಯೂ ಇದೇ ಉತ್ತರವನ್ನು ಕೊಡಬಹುದೆಂದು ಕೆಲವರಿಗೆ ತೋರೀತು. ದಾನವು ನಿಷ್ಕಾಂಕ್ಷವಾಗಿರಬೇಕು; ಫಲದ ಬಯಕೆ ಸೇರಿದರೆ ಅದು ವ್ಯಾಪಾರ; ಆದ್ದರಿಂದ ಕೊಟ್ಟವನು ಏನನ್ನೂ ನಿರೀಕ್ಷಿಸಕೂಡದು, ಪಡೆದವನಿಗೆ ಯಾವ ಹೊರೆಯೂ ಇಲ್ಲ ಎಂಬುದು ಆ ವಾದ. ನುಣುಪಾದ ವಾದವಾದರೂ ಅದರಲ್ಲಿ ಒಬ್ಬನ ವ್ರತವನ್ನು ಇನ್ನೊಬ್ಬನ ಸವಲತ್ತಾಗಿ ಮಾಡಿಕೊಳ್ಳುವ ಜಾಣತನ ಅಡಗಿದೆ. ಮುನಿಗಳು ಆಹಾರವನ್ನು ಬೇಡುವುದಿಲ್ಲ. ಬೇಡುವುದಿಲ್ಲವೆಂದು ಶ್ರಾವಕನು ಬಾಗಿಲು ಹಾಕಿಕೊಂಡು ಮಲಗುತ್ತಾನೆಯೇ? ಅವರು ಬೇಡುವುದಿಲ್ಲವೆಂಬ ಕಾರಣಕ್ಕಾಗಿಯೇ ಶುಚಿರ್ಭೂತನಾಗಿ, ಕೈಯಲ್ಲಿ ಕಲಶ ಹಿಡಿದು ಮನೆಯ ಮುಂದೆ ಕಾದು ನಿಂತು, ನಮೋಸ್ತು ಎಂದು ಪ್ರತಿಗ್ರಹಿಸುತ್ತಾನೆ. ನಿಷ್ಕಾಂಕ್ಷೆಯು ಕೊಡುವವನ ಗುಣ. ಪಡೆಯುವವನ ಕರ್ತವ್ಯವನ್ನು ಅದು ಹಗುರ ಮಾಡುವುದಿಲ್ಲ, ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಮುನಿಯ ಕಡೆಯಿಂದಲೂ ಒಂದು ಎಚ್ಚರವುಂಟು. ಅವರ ಆಹಾರಕ್ರಮವನ್ನು ಭ್ರಾಮರೀ ವೃತ್ತಿಯೆನ್ನುತ್ತಾರೆ, ದುಂಬಿಯು ಹೂವನ್ನು ನೋಯಿಸದೆ ಮಧುವನ್ನು ಪಡೆಯುವಂತೆ. ಮುಕ್ತ ತಂತ್ರಾಂಶದ ಮಧುವನ್ನು ಪಡೆದವರು ಹೂವಿಗೇನಾಯಿತೆಂದು ನೋಡಿದ ಉದಾಹರಣೆಗಳು ಹೆಚ್ಚಿಲ್ಲ.

2014ರ ಏಪ್ರಿಲ್ ತಿಂಗಳಿನಲ್ಲಿ ಇದು ಲೋಕಕ್ಕೆ ಮೊದಲ ಬಾರಿಗೆ ದೊಡ್ಡದಾಗಿ ತಿಳಿಯಿತು. ಅಂತರ್ಜಾಲದಲ್ಲಿ ಗುಪ್ತಪದಗಳು, ಬ್ಯಾಂಕಿನ ವಿವರಗಳು ಸುರಕ್ಷಿತವಾಗಿ ಸಾಗುವಂತೆ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂದು ಹೆಸರು ಪಡೆದ ದೋಷವೊಂದು ಪತ್ತೆಯಾಯಿತು. ಸಹಯೋಗಿಯೊಬ್ಬರು ಸದುದ್ದೇಶದಿಂದ ಕಳುಹಿಸಿದ ಹೊಸ ಸೌಲಭ್ಯದಲ್ಲಿ ನುಸುಳಿದ್ದ ಆ ತಪ್ಪು, ಪರಿಶೀಲಿಸಿದವರ ಕಣ್ಣಿಗೂ ಬೀಳದೆ, 2012ರ ಮಾರ್ಚಿನಿಂದ ಎರಡು ವರ್ಷ ಲೋಕವ್ಯಾಪಿಯಾಗಿ ಕುಳಿತಿತ್ತು. ಆಗ ಬೆಳಕಿಗೆ ಬಂದ ಇನ್ನೊಂದು ಸಂಗತಿ ದೋಷಕ್ಕಿಂತ ನಾಚಿಕೆಗೇಡಿನದು. ದೊಡ್ಡ ದೊಡ್ಡ ವಾಣಿಜ್ಯ ಸಂಸ್ಥೆಗಳೆಲ್ಲ ಆತುಕೊಂಡಿದ್ದ ಆ ಯೋಜನೆಗೆ ದೇಣಿಗೆಯಾಗಿ ಬರುತ್ತಿದ್ದುದು ವರ್ಷಕ್ಕೆ ಸುಮಾರು 2000 ಡಾಲರ್; ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಅನಂತರ ಕಂಪನಿಗಳು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಇಂತಹ ಮೂಲಭೂತ ತಂತ್ರಾಂಶಗಳಿಗಾಗಿ ನಿಧಿಯೊಂದನ್ನು ಕೂಡಿಸಿದುವು. ಮನೆಗೆ ಬೆಂಕಿ ಬಿದ್ದ ಮೇಲೆ ತೋಡಿದ ಬಾವಿಯಾದರೂ ಬಾವಿ ಬಾವಿಯೇ. ಆದರೆ ಹಣದಿಂದ ತುಂಬದ ಕೊರತೆಯೊಂದಿತ್ತು. ಅದರ ಸ್ವರೂಪ ಹತ್ತು ವರ್ಷಗಳ ಅನಂತರ ತಿಳಿಯಿತು.

ಎಕ್ಸ್‌ಜ಼ೆಡ್ ಎಂಬುದು ಮಾಹಿತಿಯನ್ನು ಒತ್ತಿ ಕಿರಿದು ಮಾಡುವ ಒಂದು ಸಣ್ಣ ತಂತ್ರಾಂಶ. ಲಿನಕ್ಸಿನ ಹೆಚ್ಚುಕಡಿಮೆ ಎಲ್ಲ ವಿತರಣೆಗಳಲ್ಲಿಯೂ ಅದು ಸೇರಿದೆ. ಅದನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಒಬ್ಬರೇ ವ್ಯಕ್ತಿ. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಅವರ ಮೇಲೆ ಒತ್ತಡ ಆರಂಭವಾಯಿತು: ಕೆಲಸ ನಿಧಾನವಾಗುತ್ತಿದೆ, ತಿದ್ದುಪಡಿಗಳು ಕೊಳೆಯುತ್ತಿವೆ, ಆಸಕ್ತಿಯಿಲ್ಲದಿದ್ದರೆ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಬಾರದೇಕೆ ಎಂಬ ಧಾಟಿಯ ಮಾತುಗಳು. ಆ ವರ್ಷದ ಜೂನ್ ತಿಂಗಳಲ್ಲಿ ಆ ಪಾಲಕರು ಬಹಿರಂಗವಾಗಿಯೇ ಉತ್ತರಿಸಿದರು. ಆಸಕ್ತಿ ಕಳೆದುಕೊಂಡಿಲ್ಲ, ಆದರೆ ದೀರ್ಘಕಾಲದ ಮಾನಸಿಕ ಅನಾರೋಗ್ಯದಿಂದ ಶಕ್ತಿ ಕುಗ್ಗಿದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ನೆನಪಿಡಬೇಕು ಎಂಬುದು ಆ ಉತ್ತರದ ಸಾರ. ಇಷ್ಟು ದೈನ್ಯದಿಂದ ಕೂಡಿದ ಮಾತನ್ನು ಸಾರ್ವಜನಿಕವಾಗಿ ಆಡಬೇಕಾದರೆ ಒಬ್ಬನು ಎಷ್ಟು ದಣಿದಿರಬೇಕು! ಆ ತಂತ್ರಾಂಶದಿಂದ ಲಾಭ ಪಡೆಯುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಹತ್ತಿರ ಬಂದು ಹೆಗಲು ಕೊಟ್ಟವನು ಒಬ್ಬನೇ.

ಆ ಒಬ್ಬನು 2021ರಿಂದಲೇ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸುತ್ತ, ಸೌಜನ್ಯದಿಂದ ಬರೆಯುತ್ತ, ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುತ್ತ ಬಂದಿದ್ದನು. ಕ್ರಮೇಣ ಅವನಿಗೆ ಸಹಪಾಲಕನ ಅಧಿಕಾರ ದೊರೆಯಿತು. 2024ರ ಫೆಬ್ರವರಿಯಲ್ಲಿ ಅವನು ಹೊರತಂದ ಆವೃತ್ತಿಯಲ್ಲಿ, ದೂರದಿಂದ ಸರ್ವರ್‌ಗಳನ್ನು ಪ್ರವೇಶಿಸುವ ದ್ವಾರಕ್ಕೆ ಕಳ್ಳಕೀಲಿಯೊಂದನ್ನು ಅಡಗಿಸಿಟ್ಟಿದ್ದನು. ಮಾರ್ಚ್ ತಿಂಗಳ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ತಮ್ಮ ಬೇರೊಂದು ಪರೀಕ್ಷೆಯ ನಡುವೆ, ಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಅದೇಕೆಂದು ಬೆನ್ನುಹತ್ತಿ, ಈ ಮೋಸವನ್ನು ಹೊರಗೆಳೆದರು. ಪ್ರಾಯೋಗಿಕ ಹಂತದ ವಿತರಣೆಗಳನ್ನು ದಾಟಿ ಜಗತ್ತಿನ ಸರ್ವರ್‌ಗಳಿಗೆ ಅದು ಹರಡುವುದಕ್ಕೆ ಸ್ವಲ್ಪವೇ ಸಮಯ ಉಳಿದಿತ್ತು. ಆ ಸೌಜನ್ಯದ ಸಹಯೋಗಿ ಯಾರೆಂಬುದು, ಒಬ್ಬನೋ ಹಲವರೋ ಎಂಬುದು ಬಹಿರಂಗವಾಗಿ ಸಿದ್ಧಪಟ್ಟಿಲ್ಲ.

ಈ ವೃತ್ತಾಂತವನ್ನು ಕೇಳಿದ ಜೈನ ವಾಚಕರಿಗೆ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ನೆನಪಾಗದಿರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನಕ್ಕೆ ದೃಷ್ಟಾಂತವಾಗಿ ಬರುವ ಕಥೆಯದು. ಶ್ರೇಷ್ಠಿಯ ಜಿನಾಲಯದಲ್ಲಿ ಪಾರ್ಶ್ವಜಿನಬಿಂಬದ ಮೇಲಿನ ಛತ್ರಕ್ಕೆ ಜೋಡಿಸಿದ್ದ ವೈಡೂರ್ಯವನ್ನು ಕದಿಯಲು ಕಳ್ಳನೊಬ್ಬ ಕ್ಷುಲ್ಲಕನ ವೇಷ ತೊಟ್ಟು, ಉಪವಾಸಗಳಿಂದ ದೇಹವನ್ನು ಒಣಗಿಸಿಕೊಂಡು ಬಂದನು. ಅವನ ತಪಸ್ಸನ್ನು ಕಂಡು ಮೆಚ್ಚಿದ ಶ್ರೇಷ್ಠಿ, ಯಾತ್ರೆ ಹೊರಟಾಗ, ಜಿನಾಲಯದ ಕಾವಲನ್ನೇ ಅವನಿಗೆ ಒಪ್ಪಿಸಿದನು. ರತ್ನ ಕದ್ದು ಓಡುವಾಗ ಸಿಕ್ಕಿಬಿದ್ದವನನ್ನು ಶ್ರೇಷ್ಠಿಯು ಕಾವಲಿನವರ ಮುಂದೆ ಬಯಲು ಮಾಡಲಿಲ್ಲ. ತಾನೇ ತರಲು ಹೇಳಿದ್ದೆನೆಂದು ಹೇಳಿ, ಧರ್ಮಕ್ಕೆ ಬರಬಹುದಾಗಿದ್ದ ಅಪವಾದವನ್ನು ಮುಚ್ಚಿ, ಏಕಾಂತದಲ್ಲಿ ಅವನನ್ನು ಗದರಿಸಿ ಹೊರಗಟ್ಟಿದನು.

ವೇಷ ಒಂದೇ, ವಿಶ್ವಾಸ ಗಳಿಸಿದ ಬಗೆ ಒಂದೇ. ಹಾಗಾದರೆ ಫ್ರಾಯಿಂಡರೂ ಮೋಸವನ್ನು ಮುಚ್ಚಬೇಕಾಗಿತ್ತೇ? ಉಪಗೂಹನವನ್ನು ಹೀಗೆ ತಪ್ಪಾಗಿ ತಿಳಿದು ಸಂಸ್ಥೆಗಳ ಅಕ್ರಮಗಳಿಗೆ ಹೊದಿಕೆ ಹೊದಿಸುವವರಿದ್ದಾರೆ; ದೇವಾಲಯದ ಲೆಕ್ಕಪತ್ರಗಳ ವಿಷಯದಲ್ಲಿ ಈ ಅಂಗದ ಹೆಸರನ್ನು ಎಳೆದು ತರುವುದೂ ಉಂಟು. ಶ್ರೇಷ್ಠಿಯು ರತ್ನವನ್ನು ಮರಳಿ ಪಡೆದಿದ್ದನು, ಕಳ್ಳನನ್ನು ಹೊರಗೆ ಹಾಕಿದ್ದನು; ಮುಚ್ಚಿದ್ದರಿಂದ ಯಾವ ಜೀವಿಗೂ ಅಪಾಯ ಉಳಿದಿರಲಿಲ್ಲ. ಕಳ್ಳಕೀಲಿಯು ಲಕ್ಷಾಂತರ ಮನೆಗಳ ಬಾಗಿಲಿಗೆ ಸಿಕ್ಕಿಕೊಂಡಿರುವಾಗ ಮೌನ ಹಿಂಸೆಯಾಗುತ್ತದೆ. ಫ್ರಾಯಿಂಡರು ವಿತರಣೆಗಳ ರಕ್ಷಣೆಯ ಹೊಣೆ ಹೊತ್ತವರಿಗೆ ಮೊದಲು ಗೋಪ್ಯವಾಗಿ ತಿಳಿಸಿ, ಮಾರ್ಚ್ 29ರಂದು ಎಲ್ಲರಿಗೂ ಪ್ರಕಟಿಸಿದರು. ವಸ್ತುವಿನ ದೋಷವನ್ನು ಬಯಲು ಮಾಡಬೇಕು. ಪ್ರಾಮಾಣಿಕವಾಗಿ ಎಡವಿದ ವ್ಯಕ್ತಿಯ ದೋಷವನ್ನು ಉಪಗೂಹನದಿಂದ ಕಾಣಬೇಕು. ಹಾರ್ಟ್‌ಬ್ಲೀಡಿನ ತಪ್ಪು ಮಾಡಿದ ಸಹಯೋಗಿಯ ವಿಷಯದಲ್ಲಿ ಅನ್ವಯಿಸಬೇಕಾದುದು ಈ ಎರಡನೆಯದು. ಆ ಹೊತ್ತಿನಲ್ಲಿ ಎಷ್ಟೋ ಜನ ಅದನ್ನು ಮರೆತು ಅವರ ಉದ್ದೇಶವನ್ನೇ ಶಂಕಿಸಿದರು.

ಪಾಲಕತ್ವವನ್ನು ಮುಂದಿನವರಿಗೆ ಒಪ್ಪಿಸುವ ಪ್ರಶ್ನೆಗೆ ಜೈನ ಪರಂಪರೆಯಲ್ಲಿ ಇನ್ನೂ ಹಳೆಯದೂ ಗಂಭೀರವೂ ಆದ ದೃಷ್ಟಾಂತವಿದೆ. ಅಂಗಜ್ಞಾನವು ಕ್ಷೀಣಿಸುತ್ತಿದ್ದ ಕಾಲದಲ್ಲಿ ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆಯೇ ಶ್ರುತವು ಅಳಿದೀತೆಂಬ ಚಿಂತೆಯಿಂದ, ದಕ್ಷಿಣಾಪಥದ ಆಚಾರ್ಯರ ಸಮೂಹಕ್ಕೆ ಪತ್ರ ಕಳುಹಿಸಿದರು. ಎಕ್ಸ್‌ಜ಼ೆಡಿನ ಪಾಲಕರಂತೆ ಅವರೂ ಏಕಾಕಿ, ಅವರಿಗೂ ಶಕ್ತಿ ಉಡುಗುತ್ತಿತ್ತು. ಆದರೆ ಅವರ ಪತ್ರವನ್ನು ಓದಿದ ಸಂಘವೊಂದಿತ್ತು. ಆ ಸಂಘ ತನ್ನಲ್ಲಿ ಗ್ರಹಣಧಾರಣ ಶಕ್ತಿಯುಳ್ಳ ಇಬ್ಬರು ಮುನಿಗಳನ್ನು ಆರಿಸಿ ಕಳುಹಿಸಿತು. ಬಂದವರನ್ನು ಧರಸೇನರು ಆದರಿಸಿದರು. ಆದರೆ ಒಡನೆಯೇ ವಿದ್ಯೆಯನ್ನು ಒಪ್ಪಿಸಲಿಲ್ಲ. ಒಬ್ಬರಿಗೆ ಅಕ್ಷರ ಹೆಚ್ಚಾದ ಮಂತ್ರವನ್ನೂ ಇನ್ನೊಬ್ಬರಿಗೆ ಅಕ್ಷರ ಕಡಿಮೆಯಾದ ಮಂತ್ರವನ್ನೂ ಕೊಟ್ಟು ಸಾಧಿಸಲು ಹೇಳಿದರು. ಸಾಧನೆಯಿಂದ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ವಿಕೃತರೂಪ ಸ್ವಭಾವವಲ್ಲವೆಂದು ಯೋಚಿಸಿದ ಮುನಿಗಳು, ದೋಷ ಮಂತ್ರದಲ್ಲಿದೆಯೆಂದು ಕಂಡು, ಹೆಚ್ಚಿನ ಅಕ್ಷರವನ್ನು ತೆಗೆದು ಕಡಿಮೆಯಾದುದನ್ನು ಸೇರಿಸಿ ಮತ್ತೆ ಜಪಿಸಿದರು. ಗುರುವಿನ ಮುಂದೆ ನಡೆದುದೆಲ್ಲವನ್ನೂ ವಿನಯದಿಂದ ನಿವೇದಿಸಿದರು. ಆ ಬಳಿಕವೇ ಪಾಠ ಆರಂಭವಾಯಿತು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು.

ಅಕ್ಷರದೋಷವನ್ನು ಫಲದಿಂದ ಊಹಿಸಿ, ಮೂಲಕ್ಕೆ ಹೋಗಿ ತಿದ್ದಿ, ತಿದ್ದಿದ್ದನ್ನು ಮುಚ್ಚಿಡದೆ ಹಿರಿಯರ ಮುಂದಿಡುವುದು ತಂತ್ರಾಂಶ ಬರೆಯುವವರಿಗೆ ನಿತ್ಯದ ಕಸುಬು. ಅರ್ಧ ಸೆಕೆಂಡಿನ ವಿಕಾರವನ್ನು ಕಂಡು ಮೂಲಕ್ಕೆ ಹೋದ ಫ್ರಾಯಿಂಡರು ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗುತ್ತಿದ್ದರು. ಧರಸೇನರ ಪರೀಕ್ಷೆ ಜಾಣ್ಮೆಯನ್ನಷ್ಟೇ ಅಳೆಯಲಿಲ್ಲ. ತಪ್ಪು ಕಂಡಾಗ ಶಿಷ್ಯನು ಗುರುವನ್ನು ದೂರುತ್ತಾನೆಯೋ, ಅಡಗಿಸುತ್ತಾನೆಯೋ, ತಿದ್ದಿ ತಿಳಿಸುತ್ತಾನೆಯೋ ಎಂಬುದನ್ನೂ ನೋಡಿತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಯೋಜನೆ ಇಂತಹುದೊಂದು ಕ್ರಮವನ್ನು ಬೆಳೆಸಿಕೊಂಡಿದೆ. ಅಲ್ಲಿ ಪೂರ್ಣ ಸದಸ್ಯನಾಗಲು ಬಯಸುವವನ ಗುರುತನ್ನು ಇರುವ ಸದಸ್ಯರು ದೃಢಪಡಿಸಬೇಕು. ಅವನು ಮಾಡಿದ ಕೆಲಸಕ್ಕೆ ಹಿರಿಯ ಸದಸ್ಯರು ಸಾಕ್ಷಿಯಾಗಬೇಕು. ಯೋಜನೆಯ ತತ್ತ್ವಗಳನ್ನೂ ವಿಧಾನಗಳನ್ನೂ ಬಲ್ಲನೇ ಎಂಬುದನ್ನು ಒಬ್ಬರು ಹಲವು ದಿನಗಳ ಪ್ರಶ್ನೋತ್ತರದಿಂದ ತಿಳಿಯಬೇಕು. ಇದು ಬೇಸರದ ಕೆಲಸವೆಂಬ ಆಕ್ಷೇಪವೂ ಇದೆ. ವಾತ್ಸಲ್ಯವಿದ್ದ ಕಡೆ ಪರೀಕ್ಷೆ ಬೇಡವೆಂಬ ಭಾವುಕತೆಗೆ ಧರಸೇನರ ಉದಾಹರಣೆಯೇ ಉತ್ತರ. ಆದರೆ ಒಬ್ಬನೇ ಪಾಲಕನಿರುವ ಕಡೆ ಪರೀಕ್ಷಿಸುವ ತ್ರಾಣವಾದರೂ ಎಲ್ಲಿಂದ ಬರಬೇಕು? ಸಂಘವಿಲ್ಲದ ಕಡೆ ಪರೀಕ್ಷೆಯೂ ಇಲ್ಲ, ವಾತ್ಸಲ್ಯವೂ ಇಲ್ಲ. ಎಕ್ಸ್‌ಜ಼ೆಡಿನ ಪಾಲಕರು ವಂಚಕನನ್ನು ನಂಬಿದರೆಂದು ಆಕ್ಷೇಪಿಸುವವರು, ನಂಬಲು ಬೇರೆ ಯಾರನ್ನು ಅವರ ಬಳಿಗೆ ಕಳುಹಿಸಿದ್ದರೆಂದು ತಮ್ಮನ್ನೇ ಕೇಳಿಕೊಳ್ಳುವುದು ಮೇಲು.

ಸಂಘವು ಹೇಗೆ ಬೆಳೆಯುತ್ತದೆ? ಪರವಾನಗಿ ಪತ್ರದಿಂದ ಬೆಳೆಯುವುದಿಲ್ಲ. ಮೊದಲ ಬಾರಿಗೆ ತಿದ್ದುಪಡಿ ಕಳುಹಿಸಿದ ಕಾಲೇಜಿನ ಹುಡುಗಿಗೆ ಬಂದ ಮೊದಲ ಉತ್ತರದಲ್ಲಿ ಬೆಳೆಯುತ್ತದೆ, ಇಲ್ಲವೇ ಅಲ್ಲಿಯೇ ಬಾಡುತ್ತದೆ. ಅವಳ ಬರಹದಲ್ಲಿ ಹತ್ತು ತಪ್ಪಿರಬಹುದು. ಪಾಲಕನಿಗೆ ತಾನೇ ಬರೆದುಬಿಟ್ಟರೆ ಹತ್ತು ನಿಮಿಷದ ಕೆಲಸ. ಅವಳಿಗೆ ತಿಳಿಹೇಳಿ ತಿದ್ದಿಸಲು ಎರಡು ಸಂಜೆ ಬೇಕು. ಆ ಎರಡು ಸಂಜೆಗಳನ್ನು ಕೊಡುವುದು ವೈಯಾವೃತ್ತ್ಯದಂತೆ ಕಣ್ಣಿಗೆ ಕಾಣದ ಸೇವೆ. ಸುಲಭವಾದ ಕೆಲಸಗಳನ್ನು ತಾವು ಮುಗಿಸಿಬಿಡದೆ ಹೊಸಬರಿಗಾಗಿ ಮೀಸಲಿಡುವ ಪಾಲಕರಿದ್ದಾರೆ. ಬೆಳೆದ ಮಕ್ಕಳಿರುವ ಮನೆಯಲ್ಲಿ ಅಜ್ಜಿಯು ಅರ್ಘ್ಯದ ತಟ್ಟೆ ಜೋಡಿಸುವ ಕೆಲಸವನ್ನು ಬೇಕೆಂದೇ ಚಿಕ್ಕವರಿಗೆ ಬಿಡುವಂತೆ.

ಮಾತಿನ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಲಿನಕ್ಸಿನ ಟೋರ್ವಾಲ್ಡ್ಸ್ ಬಹಳ ವರ್ಷಗಳ ಕಾಲ, ಕೆಟ್ಟ ತಿದ್ದುಪಡಿ ಕಳುಹಿಸಿದವರನ್ನು ಕಟುಮಾತುಗಳಿಂದ ಹಳಿಯುವುದಕ್ಕೆ ಹೆಸರಾಗಿದ್ದರು. ಗುಣಮಟ್ಟ ಉಳಿಯಬೇಕಾದರೆ ಕಟುವಾಗಿಯೇ ಇರಬೇಕೆಂಬುದು ಅವರ ಪಕ್ಷದವರ ಸಮರ್ಥನೆ. 2018ರ ಸೆಪ್ಟೆಂಬರಿನಲ್ಲಿ ಅವರೇ ತಮ್ಮ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲಸದಿಂದ ಕೆಲವು ವಾರ ದೂರವಿದ್ದು ಮರಳಿದರು. ಅದೇ ವೇಳೆ ಯೋಜನೆಯು ಹೊಸ ನಡತೆಯ ನಿಯಮಾವಳಿಯನ್ನು ಸ್ವೀಕರಿಸಿತು. ಅನಂತರ ಲಿನಕ್ಸಿನ ಗುಣಮಟ್ಟ ಕುಸಿಯಲಿಲ್ಲ. ಹಿತ ಮಿತ ಪ್ರಿಯವೆಂಬ ಭಾಷಾಸಮಿತಿಯ ಮೂರು ಮಾತುಗಳಲ್ಲಿ ಹಿತವು ಮೊದಲನೆಯದೆಂಬುದನ್ನು ಗಮನಿಸಬೇಕು. ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವುದನ್ನು ಪ್ರಿಯತೆಯ ಹೆಸರಿನಲ್ಲಿ ಬಿಡುವಂತಿಲ್ಲ. ಬರಹವನ್ನು ತಿರಸ್ಕರಿಸುತ್ತ ಬರೆದವನನ್ನು ಉಳಿಸಿಕೊಳ್ಳುವ ಕಲೆ ಅದು, ಅಭ್ಯಾಸದಿಂದ ಬರುವಂಥದು.

ಹೊಸಬರ ಪಾಲನೆಯ ಮಾತಾಯಿತು. ದಣಿದ ಹಳಬರ ಗತಿಯೇನು? ಸ್ಥಿತಿಕರಣಾಂಗದ ವಾರಿಷೇಣ ಮುನಿಯು ಸಂಸಾರದ ನೆನಪಿನಿಂದ ಅಳುಕುತ್ತಿದ್ದ ಪುಷ್ಪಡಾಲನನ್ನು ಜರೆಯಲಿಲ್ಲ, ಸಂಘದಿಂದ ಹೊರಗಟ್ಟಲೂ ಇಲ್ಲ. ಜೊತೆಯಲ್ಲಿ ನಡೆದು ಅರಮನೆಯವರೆಗೂ ಕರೆದೊಯ್ದು, ತಾನು ತೊರೆದ ವೈಭವವನ್ನು ಕಣ್ಣಾರೆ ತೋರಿಸಿ, ಅವನ ಮನಸ್ಸನ್ನು ಅವನೇ ತಿರುಗಿಸಿಕೊಳ್ಳುವಂತೆ ಮಾಡಿದನು. ಸ್ಥಿತಿಕರಣವೆಂದರೆ ಜೊತೆಯಲ್ಲಿ ನಡೆಯುವುದು. ಮುಕ್ತ ತಂತ್ರಾಂಶದ ಲೋಕದಲ್ಲಿ ಅದು ಕೆಲವೊಮ್ಮೆ ಸಂಬಳದ ರೂಪ ತಾಳುತ್ತದೆ, ಕೆಲವೊಮ್ಮೆ ಪಾಲಕನಿಗೆ ಆರು ತಿಂಗಳು ವಿರಾಮ ಕೊಟ್ಟು ಇತರರು ಹೊರೆ ಹೊರುವ ರೂಪ ತಾಳುತ್ತದೆ, ಕೆಲವೊಮ್ಮೆ ಗೌರವದಿಂದ ಬಿಟ್ಟುಕೊಡುವುದಕ್ಕೆ ದಾರಿ ಮಾಡಿಕೊಡುವ ರೂಪವನ್ನೂ. ಪೈಥಾನ್ ಭಾಷೆಯನ್ನು ಸೃಷ್ಟಿಸಿದ ಗೀಡೊ ವಾನ್ ರೊಸ್ಸಮ್, ಒಂದು ಸಣ್ಣ ಸಂಕೇತದ ಕುರಿತು ನಡೆದ ಕಹಿ ವಾದದಿಂದ ಬೇಸತ್ತು, 2018ರ ಜುಲೈಯಲ್ಲಿ ಅಂತಿಮ ನಿರ್ಣಾಯಕನ ಸ್ಥಾನವನ್ನು ತೊರೆದರು, ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಸಹಯೋಗಿಗಳು ತಿಂಗಳುಗಟ್ಟಲೆ ಚರ್ಚಿಸಿ 2019ರ ಆರಂಭದಲ್ಲಿ ಐವರ ಸಮಿತಿಯನ್ನು ಚುನಾಯಿಸಿಕೊಂಡರು. ಆ ಮೊದಲ ಸಮಿತಿಗೆ ವಾನ್ ರೊಸ್ಸಮ್ ಅವರೂ ಆಯ್ಕೆಯಾದರು, ಐವರಲ್ಲಿ ಒಬ್ಬರಾಗಿ. ಹೊತ್ತಿದ್ದ ಭಾರ ಐದು ಪಾಲಾಯಿತು, ಹೊತ್ತವರು ಮನೆಯವರಾಗಿಯೇ ಉಳಿದರು.

ದಾನಿಯ ಕಡೆಯ ದೋಷವನ್ನು ಹೇಳದೆ ಹೋದರೆ ಪಕ್ಷಪಾತವಾದೀತು. 2016ರ ಮಾರ್ಚಿನಲ್ಲಿ ಒಬ್ಬ ಲೇಖಕ, ಹೆಸರಿನ ವಿವಾದವೊಂದರಲ್ಲಿ ತನಗೆ ಅನ್ಯಾಯವಾಯಿತೆಂದು ಸಿಟ್ಟಾಗಿ, ತಾನು ಕೊಟ್ಟ ತಂತ್ರಾಂಶಗಳನ್ನೆಲ್ಲ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡನು. ಅವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬ, ಕೇವಲ 11 ಸಾಲಿನ ಬರಹವೊಂದಿತ್ತು. ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳು ಒಮ್ಮೆಲೇ ನಿಂತುವು. ಭಂಡಾರದವರು ಕೆಲವೇ ಗಂಟೆಗಳಲ್ಲಿ ಅದನ್ನು ಮರುಸ್ಥಾಪಿಸಿದರು, ಪರವಾನಗಿಯು ಅದಕ್ಕೆ ಅವಕಾಶ ಕೊಟ್ಟಿತ್ತು. ಅವನ ಸಿಟ್ಟಿಗೆ ಕಾರಣವಿರಬಹುದು. ಆದರೂ ಕೊಟ್ಟ ವಸ್ತುವಿನಲ್ಲಿ ನನ್ನದೆಂಬ ಮಮತ್ವ ಉಳಿದರೆ ಅದು ಮೂರ್ಛೆ. ಪರಿಗ್ರಹವೆಂದರೆ ಮೂರ್ಛೆಯೆಂದೇ ಸೂತ್ರಕಾರರು ಹೇಳಿದ್ದಾರೆ. ಮುಂದಿನ ಕೆಲಸವನ್ನು ನಿಲ್ಲಿಸುವ ಹಕ್ಕು ದಾನಿಗೆ ಪೂರ್ಣವಾಗಿದೆ. ತಾನು ದಣಿದಿದ್ದೇನೆಂದು ಹೇಳಿ, ಬೀಗದ ಕೈಯನ್ನು ಯೋಗ್ಯರಿಗೆ ಕೊಟ್ಟು ಹೊರಟರೆ ಅವನಿಗೆ ಯಾವ ದೋಷವೂ ತಟ್ಟದು. ಉಣ್ಣುತ್ತಿರುವವನ ಎಲೆಯಿಂದ ಅನ್ನವನ್ನು ತೆಗೆಯುವುದು ಬೇರೆ.

ಇದೆಲ್ಲ ದೂರದೇಶದ ಸಂಗತಿಯೆಂದು ತಿಳಿಯಬೇಕಾಗಿಲ್ಲ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಗ್ನೋಮ್ ಮುಂತಾದ ತಂತ್ರಾಂಶಗಳ ಆದೇಶಗಳನ್ನು ಕನ್ನಡಕ್ಕೆ ತಂದವರಲ್ಲಿ ಸ್ವಯಂಪ್ರೇರಿತರು ಬಹಳ. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ವಾಕ್ಯಗಳು ಸೇರುತ್ತವೆ. ಅನುವಾದಿಸುವ ಕೈ ನಿಂತರೆ ಕನ್ನಡದ ನಡುವೆ ಇಂಗ್ಲಿಷು ತಲೆಹಾಕುತ್ತದೆ. ಪರದೆಯ ಮೇಲೆ ತಪ್ಪು ಕನ್ನಡ ಕಂಡಾಗ ನಗುವವರು ಹೆಚ್ಚು, ಸರಿಯಾದ ಪದವನ್ನು ಬರೆದು ಕಳುಹಿಸುವವರು ಕಡಿಮೆ. ದೇವಾಲಯಗಳ ವಿಶ್ವಸ್ತ ಮಂಡಳಿಗಳೂ ಈ ಕೊರತೆಯನ್ನು ಬಲ್ಲವು. ಗ್ರಂಥಭಂಡಾರದ ಕೀಲಿ ಮೂವತ್ತು ವರ್ಷ ಒಬ್ಬರೇ ಹಿರಿಯರ ಸೊಂಟದಲ್ಲಿರುತ್ತದೆ. ಯಾವ ಕಟ್ಟು ಎಲ್ಲಿದೆಯೆಂಬುದು ಅವರಿಗೊಬ್ಬರಿಗೇ ಗೊತ್ತು. ಅವರ ಕಣ್ಣು ಮಂಜಾದಾಗ ದೂರುಗಳು ಬರುತ್ತವೆ, ಸಹಾಯಕ್ಕೆ ಹುಡುಗರು ಬರುವುದಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾಗಿದ್ದುವು; ದರ್ಶನ ಪಡೆಯುವವರು ಅಸಂಖ್ಯರು, ಹಳಗನ್ನಡ ಲಿಪಿಯನ್ನು ಓದಿ ಪ್ರಾಕೃತವನ್ನು ಅರ್ಥೈಸಬಲ್ಲವರು ಬೆರಳೆಣಿಕೆಯವರು. ಧರಸೇನರ ಶಿಷ್ಯರಿಬ್ಬರ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಅಚ್ಚಾಗತೊಡಗಿದ್ದು 1939ರಲ್ಲಿ. ಓಲೆ ಉಳಿದಿತ್ತು, ಓದುವವರ ಸಾಲು ತುಂಡಾಗುವುದರಲ್ಲಿತ್ತು.

ಕಳ್ಳಕೀಲಿ ಬಯಲಾದ ಮೇಲೆ ಎಕ್ಸ್‌ಜ಼ೆಡನ್ನು ಶುದ್ಧೀಕರಿಸುವ ಕೆಲಸ ಮತ್ತೆ ಆ ಫಿನ್ಲೆಂಡಿನ ಪಾಲಕರ ಮೇಲೆಯೇ ಬಿದ್ದಿತು. ವಂಚಕನು ಸೇರಿಸಿದ ಬರಹವನ್ನು ಪರಿಶೀಲಿಸಿ, ಕೆಟ್ಟದ್ದನ್ನು ಕಿತ್ತು, 2024ರ ಮೇ 29ರಂದು ಅವರು ಶುದ್ಧ ಆವೃತ್ತಿಯನ್ನು ಹೊರತಂದರು. ಎರಡು ವರ್ಷಗಳ ಹಿಂದೆ ಶಕ್ತಿ ಕುಗ್ಗಿದೆಯೆಂದು ಹೇಳಿದ್ದ ಅದೇ ಮನುಷ್ಯ.

ಧರಸೇನರಿಂದ ಬೀಳ್ಕೊಂಡ ಶಿಷ್ಯರಿಬ್ಬರು ಮುಂದೆ ಬೇರೆಯಾದರು. ಪುಷ್ಪದಂತರು ವನವಾಸ ದೇಶದಲ್ಲಿ, ಎಂದರೆ ಇಂದಿನ ಬನವಾಸಿಯ ಸೀಮೆಯಲ್ಲಿ, ಆಗಮದ ಆರಂಭದ ಸೂತ್ರಗಳನ್ನು ರಚಿಸಿ, ಶಿಷ್ಯ ಜಿನಪಾಲಿತನಿಗೆ ಕಲಿಸಿ, ದ್ರಮಿಳ ದೇಶದಲ್ಲಿದ್ದ ಭೂತಬಲಿಗಳ ಬಳಿಗೆ ಕಳುಹಿಸಿದರು. ಸೂತ್ರಗಳನ್ನು ಕಂಡ ಭೂತಬಲಿಗಳಿಗೆ ಪುಷ್ಪದಂತರ ಆಯುಷ್ಯ ಅಲ್ಪವೆಂದು ತಿಳಿಯಿತು; ಉಳಿದ ಭಾಗವನ್ನು ತಾವೇ ಬರೆದು ಮುಗಿಸಿದರು. ಗ್ರಂಥ ಪೂರ್ಣವಾದ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಮುಗಿದ ಗ್ರಂಥವನ್ನು ಹೊತ್ತು ಜಿನಪಾಲಿತನು ಪುಷ್ಪದಂತರ ಬಳಿಗೆ ಮರಳಿದನೆಂದೂ, ತಾವು ಆರಂಭಿಸಿದ್ದು ಇನ್ನೊಬ್ಬರ ಕೈಯಲ್ಲಿ ಪೂರ್ಣಗೊಂಡುದನ್ನು ಕಂಡು ಅವರು ಸಂತೋಷದಿಂದ ಶ್ರುತಪೂಜೆಯನ್ನು ಮಾಡಿದರೆಂದೂ ಇಂದ್ರನಂದಿಯ ಶ್ರುತಾವತಾರ ಹೇಳುತ್ತದೆ.